ಬಾಟ್ಲಿ ತುಂಬೋ ಮುಂಚೆ ಬೋರಿಗೆ ಹತ್ತು ನಿಮಿಷ ಕೊಡಿ

ಮೇ ತಿಂಗಳು, ಬೆಳಗ್ಗೆ ಒಂಬತ್ತೂವರೆ, ಸೇಡಂ ಕಡೆಯ ಒಂದು ಹಳ್ಳಿ. ಆಗಲೇ ನೆಲ ಕಾದು ಚಪ್ಪಲಿ ದಾಟಿ ಬಿಸಿ ತಾಗುತ್ತಿತ್ತು. ನೀರಿನ ಪರೀಕ್ಷೆಗೆ ಸ್ಯಾಂಪಲ್ ತೆಗೆಯೋದು ನನ್ನ ಕೆಲಸ. ಬೋರಿನ ಮೋಟಾರ್ ಹಾಕಿಸಿ, ನೀರು ಹರಿಯೋಕೆ ಬಿಟ್ಟು, ನಾನು ವಾಚ್ ನೋಡುತ್ತಾ ನಿಂತಿದ್ದೆ. ಎದುರಿನ ಕಟ್ಟೆಯ ಮೇಲೆ ಕೂತಿದ್ದ ಕಾಕಾ ಒಬ್ಬರು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಎದ್ದೇ ಬಂದರು.

"ಯಾಕ್ ತಂಗಿ, ನೀರು ಸುಮ್ನೆ ಹರೀಲಾಕ್ ಬಿಟ್ಟೀದಿ? ನಮಗಿಲ್ಲಿ ಒಂದು ಕೊಡ ನೀರಿಗಿ ಜೀವ ಹೋಗ್ಲಾಕತ್ತದ."

ಅವರು ಹೇಳಿದ್ದು ನಿಜ. ನಮ್ಮ ಕಡೆ ಮೇ ತಿಂಗಳಲ್ಲಿ ಹತ್ತು ನಿಮಿಷ ನೀರು ಚೆಲ್ಲೋದು ಅಂದರೆ ಅನ್ನ ಚೆಲ್ಲಿದ ಹಾಗೆ. "ಕಾಕಾ, ಇದು ಪೈಪಿನಾಗ ರಾತ್ರಿಯಿಂದ ನಿಂತ ನೀರು. ತಳದ ನೀರು ಬರ್ಲಿ, ಅದು ಬಂದ ಮ್ಯಾಲ ತುಂಬಿಕೋತೀನಿ" ಅಂದೆ. ಅವರಿಗೆ ಅದು ಅಷ್ಟು ಸರಿ ಅನ್ನಿಸಲಿಲ್ಲ. ಓಣಿಯ ಅಕ್ಕಂದಿರನ್ನು ಕೂಗಿ ಕೊಡ, ಬಕೆಟ್, ಎಮ್ಮೆ ಕುಡಿಯುವ ಬಾನಿ ಎಲ್ಲಾ ತರಿಸಿ ಪೈಪಿನ ಬಾಯಿಗೆ ಸಾಲಾಗಿ ಇಡಿಸಿದರು. ಒಂದು ಹನಿಯೂ ವ್ಯರ್ಥ ಆಗಲಿಲ್ಲ. ಅವತ್ತಿನಿಂದ ನಾನು ಎಲ್ಲಿ ಹೋದರೂ ಮೊದಲು ಕೇಳೋದು, "ಅಕ್ಕಾ, ಖಾಲಿ ಕೊಡ ಏನರ ಅವ ಏನ್ರಿ?"

ಆ ಹತ್ತು ನಿಮಿಷ ಯಾಕೆ ಬೇಕು ಅಂತ ಹೇಳೋಕೇ ಇದನ್ನು ಬರೆಯುತ್ತಿದ್ದೀನಿ.

ಮೋಟಾರ್ ಹಾಕಿದಾಗ ಮೊದಲು ಬರುವ ನೀರು ಬೆಚ್ಚಗಿರುತ್ತದೆ, ಒಮ್ಮೊಮ್ಮೆ ಸ್ವಲ್ಪ ಕೆಂಪಗೂ ಇರುತ್ತದೆ. ಅದು ಪೈಪಿನ ಬಿಸಿ, ಪೈಪಿನ ತುಕ್ಕು. ಅದನ್ನೇ ಹಿಡಿದು ಲ್ಯಾಬಿಗೆ ಕೊಟ್ಟರೆ ಪೈಪಿನ ಪರೀಕ್ಷೆ ಆಗುತ್ತದೆ, ಬೋರಿನ ಪರೀಕ್ಷೆ ಆಗಲ್ಲ. ನನ್ನ ಹತ್ತಿರ ಇಸಿ ಮೀಟರ್ ಅಂತ ಒಂದು ಪುಟ್ಟ ಯಂತ್ರ ಇದೆ, ನೀರಿನಲ್ಲಿ ಕರಗಿರುವ ಉಪ್ಪು ಎಷ್ಟು ಅನ್ನೋದರ ಅಂದಾಜು ಕೊಡುತ್ತದೆ. ನಿಮಿಷಕ್ಕೊಮ್ಮೆ ಒಂದು ಲೋಟ ಹಿಡಿದು ಮೀಟರ್ ಅದ್ದಿ ನೋಡುತ್ತೀನಿ. ಮೊದಲು ಅಂಕಿ ಓಡಾಡುತ್ತದೆ, ಏರುತ್ತೆ, ಇಳಿಯುತ್ತೆ. ಕೈಗೆ ನೀರು ತಣ್ಣಗಾಗುತ್ತಾ ಬರುತ್ತದೆ. ಮೂರು ಸಲ ನೋಡಿದರೂ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತರೆ ಬಂಡೆಯ ಬಿರುಕಿನಿಂದ ಹೊಸ ನೀರು ಬರ್ತಿದೆ ಅಂತ ಅರ್ಥ. ಆಗ ಬಾಟ್ಲಿ ತೆಗೀಬೇಕು.

ದಿನಾ ಓಡುವ ಬೋರಿಗೆ ಐದರಿಂದ ಹತ್ತು ನಿಮಿಷ ಸಾಕು. ತಿಂಗಳುಗಟ್ಟಲೆ ಮುಚ್ಚಿಟ್ಟ ಬೋರಾದರೆ ಹಾಗಲ್ಲ, ಒಳಗೆ ನಿಂತಿರುವ ನೀರಿನ ಮೂರು ಪಟ್ಟು ಹೊರಗೆ ಹಾಕಬೇಕು. ಲೆಕ್ಕ ಮಾಡಿ ನೋಡಿ. ಆರು ಇಂಚಿನ ಬೋರಿನಲ್ಲಿ 100 ಅಡಿ ನೀರು ನಿಂತಿದ್ದರೆ ಸುಮಾರು 550 ಲೀಟರ್. ಮೂರು ಪಟ್ಟು ಅಂದರೆ 1,650 ಲೀಟರ್, ನಮ್ಮ ಮನೆ ಕೊಡದ ಲೆಕ್ಕದಲ್ಲಿ ನೂರು ಕೊಡಕ್ಕಿಂತ ಜಾಸ್ತಿ. ಅಷ್ಟು ನೀರು ಬಿಟ್ಟ ಮೇಲೇ ಒಂದು ಲೀಟರ್ ಬಾಟ್ಲಿ ತುಂಬೋದು.

ಬಾಟ್ಲಿಗಳೂ ಎರಡು ಥರ, ಎರಡಕ್ಕೂ ನಿಯಮ ಉಲ್ಟಾ. ಫ್ಲೋರೈಡ್, ನೈಟ್ರೇಟ್, ಗಡಸುತನ ನೋಡುವುದಕ್ಕೆ ಪ್ಲಾಸ್ಟಿಕ್ ಬಾಟ್ಲಿ. ಅದೇ ಬೋರಿನ ನೀರಲ್ಲಿ ಮೂರು ಸಲ ಗಲಬರಿಸಿ ಚೆಲ್ಲಿ, ಕಂಠದವರೆಗೆ ತುಂಬಿ, ಗಾಳಿಗುಳ್ಳೆ ಉಳಿಯದ ಹಾಗೆ ಮುಚ್ಚಳ ಹಾಕಬೇಕು. ಬ್ಯಾಕ್ಟೀರಿಯಾ ನೋಡುವ ಬಾಟ್ಲಿಯನ್ನು ಮಾತ್ರ ಗಲಬರಿಸಲೇಬಾರದು. ಲ್ಯಾಬಿನವರು ಅದನ್ನು ಬೇಯಿಸಿ ಕ್ರಿಮಿ ಇಲ್ಲದಂತೆ ಮಾಡಿ ಕೊಟ್ಟಿರುತ್ತಾರೆ. ಕ್ಲೋರಿನ್ ಹಾಕಿದ ನೀರಾದರೆ ಆ ಕ್ಲೋರಿನ್ ಬಾಟ್ಲಿಯೊಳಗೂ ಕ್ರಿಮಿ ಕೊಲ್ಲದಿರಲಿ ಅಂತ ಒಂದು ಔಷಧಿ ಹಾಕಿರುತ್ತಾರೆ, ಗಲಬರಿಸಿದರೆ ಅದೂ ಹೋಯಿತು. ಕಬ್ಬಿಣದ ನಲ್ಲಿಯಾದರೆ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿ ಹಚ್ಚಿ ನಲ್ಲಿಯ ಬಾಯಿ ಸುಡುತ್ತೀನಿ, ನೀಲಿ ಉರಿ ಸಣ್ಣಗೆ ಸುತ್ತಿಕೊಂಡು ಉರಿಯುತ್ತೆ, ಸುತ್ತ ನಿಂತ ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿರ ಬರುತ್ತಾರೆ. ಪ್ಲಾಸ್ಟಿಕ್ ನಲ್ಲಿಯಾದರೆ ಸ್ಪಿರಿಟ್‌ನಲ್ಲಿ ಒರೆಸೋದು ಅಷ್ಟೇ. ಮುಚ್ಚಳವನ್ನು ನೆಲದ ಮೇಲೆ ಇಡಬಾರದು, ಒಳಗೆ ಬೆರಳು ತಾಗಿಸಬಾರದು. ಮೇಲೆ ಸ್ವಲ್ಪ ಜಾಗ ಬಿಟ್ಟು ತುಂಬಿ ಐಸ್ ಡಬ್ಬಿಗೆ ಹಾಕಬೇಕು. ಅದೇ ದಿನ ಲ್ಯಾಬ್ ಮುಟ್ಟಿದರೆ ಒಳ್ಳೇದು, 24 ಗಂಟೆ ಅಂತೂ ದಾಟಬಾರದು.

ಜನ ಕೂಲ್‌ಡ್ರಿಂಕ್ ಬಾಟ್ಲಿಯಲ್ಲಿ ನೀರು ತಂದು "ಮೇಡಂ, ಇದು ಟೆಸ್ಟ್ ಮಾಡಿಕೊಡ್ರಿ" ಅಂತಾರೆ. ಅವರ ಕಾಳಜಿ ನನಗೆ ತುಂಬಾ ದೊಡ್ಡದು. ಆದರೆ ಆ ಬಾಟ್ಲಿಯಿಂದ ಬರುವ ಉತ್ತರ ನಂಬೋಕಾಗಲ್ಲ. ಅದಕ್ಕೆ ನಾನೇ ಒಂದು ಖಾಲಿ ಬಾಟ್ಲಿ ಕೊಟ್ಟು, ಹೇಗೆ ತುಂಬಬೇಕು ಅಂತ ತೋರಿಸಿ ಕಳಿಸುತ್ತೀನಿ.

ಇಷ್ಟು ಬಿಗಿಯಾಗಿ ಹೇಳೋದಕ್ಕೆ ಕಾರಣ ನನ್ನದೇ ಒಂದು ತಪ್ಪು. ಈ ಕೆಲಸಕ್ಕೆ ಸೇರಿದ ಮೊದಲ ವರ್ಷ ನಮ್ಮ ಊರಿನ ಸ್ಯಾಂಪಲ್ ನಾನೇ ತೆಗೆದೆ. ಹೊತ್ತಾಗಿತ್ತು, ಕರೆಂಟ್ ಇರಲಿಲ್ಲ, ಬೋರಿನ ಹತ್ತಿರ ಹೋಗುವ ಬದಲು ಟ್ಯಾಂಕಿನ ಕೆಳಗಿನ ನಲ್ಲಿಯಿಂದ ಹಿಡಿದುಕೊಂಡು ಬಂದೆ. ಬಾಟ್ಲಿಯ ಮೇಲೆ ಬೋರಿನ ಹೆಸರೇ ಬರೆದೆ. ರಿಪೋರ್ಟ್ ಚೆನ್ನಾಗೇ ಬಂತು. ಮರೆತೆ.

ಆ ಟ್ಯಾಂಕಿಗೆ ಬರೋದು ಎರಡು ಬೋರಿನ ನೀರು. ಒಂದು ಊರ ಹೊರಗೆ ತೊಗರಿ ಹೊಲದ ಬದಿಗೆ. ಇನ್ನೊಂದು ನಮ್ಮ ಓಣಿಯಲ್ಲೇ, ಅದರಿಂದ ಹತ್ತು ಹೆಜ್ಜೆಗೆ ತಿಪ್ಪೆ, ತಿಪ್ಪೆಯ ಆಚೆ ಗಟಾರ. ಟ್ಯಾಂಕಿನಲ್ಲಿ ಎರಡೂ ಬೆರೆತು ಅಂಕಿ ಮಿತಿಯೊಳಗೆ ಬಂದಿತ್ತು. ಆದರೆ ಟ್ಯಾಂಕು ತುಂಬದ ದಿನ ನಮ್ಮ ಓಣಿಯವರು ನೇರವಾಗಿ ಆ ಎರಡನೇ ಬೋರಿನಿಂದಲೇ ಹಿಡಿಯುತ್ತಿದ್ದರು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿಯೂ. ಅವಳ ಕೂಸಿಗೆ ಆಗ ಮೂರು ತಿಂಗಳು, ಹಾಲು ಸಾಲದೆ ಡಬ್ಬಿ ಪುಡಿ ಕಲಸಿ ಕುಡಿಸುತ್ತಿದ್ದಳು. ಮುಂದಿನ ವರ್ಷ ಎರಡೂ ಬೋರನ್ನು ಬೇರೆ ಬೇರೆ ಪರೀಕ್ಷೆ ಮಾಡಿಸಿದಾಗ ಓಣಿಯ ಬೋರಿನಲ್ಲಿ ನೈಟ್ರೇಟ್, ಅಂದರೆ ತಿಪ್ಪೆ, ಗಟಾರದ ಹೊಲಸಿನಿಂದ ನೆಲಕ್ಕಿಳಿಯುವ ಉಪ್ಪು, ಮಿತಿ ಮೀರಿತ್ತು. ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ಐಎಸ್ 10500 ಅನ್ನೋ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ, ಅದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ದೊಡ್ಡವರಿಗೆ ತಕ್ಷಣ ಗೊತ್ತಾಗಲ್ಲ. ಆದರೆ ಆರು ತಿಂಗಳೊಳಗಿನ ಕೂಸುಗಳಿಗೆ ಅದು ಅಪಾಯ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳಕೊಂಡು ತುಟಿ, ಉಗುರು ನೀಲಿಗಟ್ಟುತ್ತವೆ.

ನಮ್ಮ ಕೂಸಿಗೆ ಏನೂ ಆಗಲಿಲ್ಲ. ಈಗ ಅಂಗಳದಲ್ಲಿ ಓಡಾಡುತ್ತಾನೆ. ಆದರೆ ಆ ರಿಪೋರ್ಟ್ ಕೈಗೆ ಬಂದ ದಿನ ನನ್ನ ಕಾಲಲ್ಲಿ ಬಲ ಇರಲಿಲ್ಲ. ವೈನಿ ಕೇಳಿದ್ದು ಒಂದೇ ಮಾತು, "ನಾ ದಿನಾ ಕುದಿಸೇ ಕೊಡ್ತಿದ್ದೆ ಅಲ್ಲವಾ?" ಕುದಿಸಿದರೆ ಕ್ರಿಮಿ ಸಾಯುತ್ತವೆ, ನೈಟ್ರೇಟ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನೂ ಗಟ್ಟಿಯಾಗುತ್ತದೆ. ಫ್ಲೋರೈಡ್ ಕಥೆಯೂ ಅದೇ. ಇದನ್ನು ಅವಳಿಗೆ ಹೇಳೋವಾಗ ನನ್ನ ಗಂಟಲು ಕಟ್ಟಿತ್ತು.

ಒಂದು ಊರಿಗೆ ಒಂದು ಸ್ಯಾಂಪಲ್ ಅನ್ನೋ ಲೆಕ್ಕ ಅದಕ್ಕೇ ನನಗೆ ಒಪ್ಪಿಗೆಯಿಲ್ಲ. ನಮ್ಮ ಕಡೆ ನೆಲವೇ ಒಂದೊಂದು ಕಡೆ ಒಂದೊಂದು ಥರ. ಆಳಂದ, ಚಿಂಚೋಳಿ ಕಡೆ ಕರಿಕಲ್ಲು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣದ ಕಲ್ಲು, ನಾವು ಮನೆಗೆ ಹಾಸುವ ಫರ್ಶಿ ಅದೇ, ಸಿಮೆಂಟ್ ಆಗೋದೂ ಅದರಿಂದಲೇ. ಯಾದಗಿರಿ ಕಡೆ ಇಳಿದರೆ ಗ್ರಾನೈಟ್ ಬಂಡೆ. ಬೀದರ್ ಊರು ಕೂತಿರೋದು ತೂತು ತೂತಿನ ಕೆಂಪು ಜಂಬಿಟ್ಟಿಗೆ ಮೇಲೆ. ನೀರು ಯಾವ ಕಲ್ಲಿನಲ್ಲಿ ವರ್ಷಗಟ್ಟಲೆ ಕೂತಿರುತ್ತೋ ಆ ಕಲ್ಲಿನ ಗುಣ ತಗೊಂಡು ಬರುತ್ತದೆ.

ನಮ್ಮ ಹೆಣ್ಣುಮಕ್ಕಳಿಗೆ ಇದು ಲ್ಯಾಬ್ ಇಲ್ಲದೇ ಗೊತ್ತು. ಸುಣ್ಣದ ಕಲ್ಲಿನ ಊರುಗಳಲ್ಲಿ ಕೇಳಿ ನೋಡಿ, "ನಮ್ಮ ಬೋರಿನ ನೀರಾಗ ಬ್ಯಾಳಿ ಕುದೀವಲ್ದು, ಸಾಬಾಣ ನೊರಿ ಬರವಲ್ದು" ಅಂತಾರೆ. ತೊಗರಿ ಬೆಳೆಯುವ ನಾಡಿನಲ್ಲಿ ಇದಕ್ಕಿಂತ ಒಳ್ಳೆ ಗಡಸುತನದ ಪರೀಕ್ಷೆ ಇಲ್ಲ. ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಬೇಳೆ ಬಿಗಿದುಕೊಳ್ಳುತ್ತದೆ, ಎಷ್ಟು ಸೀಟಿ ಹೊಡೆಸಿದರೂ ಒಡೆಯಲ್ಲ. ಆ ನೀರಿಗೆ ಸವಳು ಅಂತ ಹೆಸರಿಟ್ಟು ಜನ ಇನ್ನೊಂದು ಬೋರು ಹುಡುಕಿಕೊಂಡು ಹೋಗುತ್ತಾರೆ.

ಆದರೆ ಈ ನಂಬಿಕೆ ಯಾದಗಿರಿ ಕಡೆ ಕೈಕೊಡುತ್ತದೆ. ಗ್ರಾನೈಟ್‌ನಲ್ಲಿರುವ ಕೆಲವು ಖನಿಜಗಳಿಂದ ಫ್ಲೋರೈಡ್ ನೀರಿಗೆ ಬಿಡುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ, ಕಡಿಮೆ ಇದ್ದರೆ ಫ್ಲೋರೈಡ್ ಕರಗಿಕೊಂಡೇ ಉಳಿಯುತ್ತದೆ. ಅಂದರೆ ಬೇಳೆ ಬೇಗ ಬೇಯುವ, ಬಾಯಿಗೆ ಹಿತವಾದ, ಊರವರೆಲ್ಲಾ ಮೆಚ್ಚುವ ಬೋರಿನಲ್ಲೇ ಫ್ಲೋರೈಡ್ ಜಾಸ್ತಿ ಇರೋದುಂಟು! ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದರೆ 1.5 ತನಕ. ಅದಕ್ಕಿಂತ ಜಾಸ್ತಿ ಇರೋದನ್ನು ಚಿಕ್ಕಂದಿನಿಂದ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಬರುತ್ತವೆ, ತಿಕ್ಕಿದರೆ ಹೋಗಲ್ಲ. ಇನ್ನೂ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆನ್ನು, ಮಂಡಿ ಬಿಗಿಯುತ್ತವೆ. ಶಾಲೆಗೆ ಹೋದಾಗ ನಾನು ಮಕ್ಕಳನ್ನು ಸುಮ್ನೆ ಮಾತಾಡಿಸಿ ನಗಿಸುತ್ತೀನಿ. ಹಲ್ಲು ಕಂಡರೆ ಯಾವ ಬೋರು ಮೊದಲು ನೋಡಬೇಕು ಅಂತ ಗೊತ್ತಾಗುತ್ತೆ.

ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ಹೆಸರು ನಮ್ಮ ಕೆಲಸದಲ್ಲಿರುವ ಯಾರೂ ಮರೆಯಬಾರದು. ಅಲ್ಲಿನ ನೀರಿನಲ್ಲಿ ಆರ್ಸೆನಿಕ್ ಅನ್ನೋ ವಿಷ ಇದೆ ಅಂತ ಗೊತ್ತಾಗುವ ಹೊತ್ತಿಗೆ ಜನ ವರ್ಷಗಟ್ಟಲೆ ಅದನ್ನೇ ಕುಡಿದಿದ್ದರು. ಚರ್ಮದ ಮೇಲೆ ಗಾಯ, ಕೈಕಾಲಿನಲ್ಲಿ ಗಂಟು. ಆ ತಾಂಡಾದ ಹತ್ತಿರ ಹಿಂದೆ ಚಿನ್ನದ ಗಣಿ ಇತ್ತು, ಚಿನ್ನ ಇರುವ ಬಂಡೆಗಳಲ್ಲಿ ಆರ್ಸೆನಿಕ್ ಕೂಡ ಇರೋದು ಸಾಮಾನ್ಯ. ಅದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣವೂ ಇಲ್ಲ. ಮಿತಿ ಎಷ್ಟು ಗೊತ್ತಾ? ಲೀಟರಿಗೆ 0.01 ಮಿಲಿಗ್ರಾಂ. ಇಷ್ಟು ಸಣ್ಣದನ್ನು ನಾಲಿಗೆ ಹಿಡಿಯಲ್ಲ. ಇದಕ್ಕೆ ಬೇರೆ ಬಾಟ್ಲಿ ಬೇಕು, ಆರ್ಸೆನಿಕ್ ಬಾಟ್ಲಿಯ ಗೋಡೆಗೆ ಅಂಟಿಕೊಳ್ಳದ ಹಾಗೆ ಸ್ವಲ್ಪ ನೈಟ್ರಿಕ್ ಆಸಿಡ್ ಹಾಕಬೇಕು. ಆಸಿಡ್ ಹಾಕಿದ ಬಾಟ್ಲಿಯಲ್ಲಿ ನೈಟ್ರೇಟ್ ನೋಡೋಕಾಗಲ್ಲ, ಆಸಿಡ್‌ನಲ್ಲೇ ನೈಟ್ರೇಟ್ ಇರುತ್ತಲ್ಲ.

ಬೀದರಿನದು ಇನ್ನೊಂದು ಥರ. ಜಂಬಿಟ್ಟಿಗೆ ಸ್ಪಂಜಿನ ಹಾಗೆ ಮಳೆ ನೀರು ಹೀರಿಕೊಳ್ಳುತ್ತದೆ, ಕೆಳಗಿನ ಕರಿಕಲ್ಲು ಅದನ್ನು ಸುಲಭವಾಗಿ ಕೆಳಗೆ ಬಿಡಲ್ಲ, ನೀರು ಇವೆರಡರ ನಡುವೆ ಹರಿದು ಗುಡ್ಡದ ಬುಡದಲ್ಲಿ ಝರಿಯಾಗಿ ಹೊರಗೆ ಬರುತ್ತದೆ. ಗುರುನಾನಕ್ ಝೀರಾದ ನೀರು ಹಾಗೇ. ಬಹಮನಿಗಳ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದ್ ಹತ್ತಿರ ಇದೇ ನೀರು ಹಿಡಿಯೋಕೆ ನೆಲದೊಳಗೆ ಸುರಂಗ ಕೊರೆದು, ಅಲ್ಲಲ್ಲಿ ಗಾಳಿಗೆ, ಬೆಳಕಿಗೆ, ನೀರು ಸೇದೋಕೆ ಬಾವಿಗಳನ್ನು ಮಾಡಿದರು. ಕರೇಜ್ ಅಂತಾರೆ. ನಾನು ಮೊದಲ ಸಲ ಆ ಬಾವಿಯ ಬಾಯಿಯಿಂದ ಕೆಳಗೆ ಬಗ್ಗಿ ನೋಡಿದಾಗ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಹೀರಿಕೊಳ್ಳುವ ಕಲ್ಲು ಮಳೆ ನೀರು ಯಾವುದು, ಶೌಚದ ಗುಂಡಿ ನೀರು ಯಾವುದು ಅಂತ ನೋಡಲ್ಲ. ಮೇಲೆ ಮನೆ ಕಟ್ಟಿ ಗುಂಡಿ ತೋಡಿದರೆ ಅದೂ ಅದೇ ದಾರಿಯಲ್ಲಿ ಇಳಿಯುತ್ತದೆ. ಇಂಥ ಕಡೆ ವರ್ಷಕ್ಕೆ ಒಂದು ಬ್ಯಾಕ್ಟೀರಿಯಾ ಪರೀಕ್ಷೆ ಸಾಲದು. ಮಳೆಗೆ ಮುಂಚೆ ಒಂದು, ಮಳೆ ಆದ ಮೇಲೆ ಒಂದು ಅಂತೂ ಬೇಕೇ ಬೇಕು.

ನೀರಿನ ಮಟ್ಟ ಅಳೆಯೋದು ನನಗೆ ಇಷ್ಟದ ಕೆಲಸ. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳಲ್ಲಿ ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ, ಜನವರಿ, ಮಳೆಗಾಲಕ್ಕೆ ಮುಂಚಿನ ಬೇಸಿಗೆ, ಆಗಸ್ಟ್, ನವೆಂಬರ್. ಈಗ ತಾವಾಗಿಯೇ ಅಳೆದು ಕಳಿಸುವ ಯಂತ್ರಗಳೂ ಬಂದಿವೆ. ನಾನು ಕಲಿತದ್ದು ಹಳೇ ಪದ್ಧತಿ, ಸ್ಟೀಲ್ ಟೇಪು ಮತ್ತು ಸೀಮೆಸುಣ್ಣ. ಟೇಪಿನ ತುದಿಯ ಒಂದೆರಡು ಮೀಟರಿಗೆ ಸುಣ್ಣ ಬಳಿದು ಮೆಲ್ಲಗೆ ಇಳಿಸಬೇಕು. ಕೇಸಿಂಗ್ ಪೈಪಿನ ಅಂಚಿಗೆ ಪೂರ್ತಿ ಅಂಕಿಯೊಂದು ಬಂದಾಗ ಹಿಡಿದು ನಿಲ್ಲಿಸಿ, ಎಳೆದು ನೋಡಿದರೆ ನೀರು ಮುಟ್ಟಿದಷ್ಟು ಭಾಗ ಕಪ್ಪಾಗಿರುತ್ತದೆ. 30 ಮೀಟರಿಗೆ ಹಿಡಿದು 1 ಮೀಟರ್ 20 ಸೆಂಟಿಮೀಟರ್ ಒದ್ದೆಯಾಗಿದ್ದರೆ, ನೀರು 28 ಮೀಟರ್ 80 ಸೆಂಟಿಮೀಟರ್ ಕೆಳಗೆ. ಅದರಲ್ಲಿ ನೆಲದಿಂದ ಮೇಲೆ ಎದ್ದಿರುವ ಕೇಸಿಂಗ್ ಎತ್ತರ ಕಳೆಯಬೇಕು. ಮೋಟಾರ್ ಆಗಷ್ಟೇ ಬಂದ್ ಆಗಿದ್ದರೆ ಅಂಕಿ ಸುಳ್ಳು ಹೇಳುತ್ತೆ, ನೀರು ಮೇಲೆ ಬಂದು ನಿಲ್ಲುವ ತನಕ ಕಾಯಬೇಕು. ಇದನ್ನು ನಾವು ನಮ್ಮ ಹೊಲದ ಬೋರಿಗೂ ಮಾಡಬಹುದು. ತಿಂಗಳಿಗೊಮ್ಮೆ ಒಂದೇ ಬಾವಿ, ಒಂದೇ ಗುರುತು, ಒಂದೇ ನೋಟ್‌ಬುಕ್. ಎರಡು ವರ್ಷ ಬರೆದರೆ ನಿಮ್ಮ ಬಾವಿ ನಿಮಗೆ ಅರ್ಥ ಆಗೋಕೆ ಶುರುವಾಗುತ್ತೆ.

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ದಂಡೆಯ ಊರುಗಳಲ್ಲಿ ಬೋರು, ಬಾವಿ ಎಲ್ಲಾ ಮುಳುಗಿದವು. ನೀರು ಇಳಿದ ಮೇಲೆ ಬೋರಿನ ನೀರು ತಿಳಿಯಾಗಿ ಬಂದರೆ ಕುಡಿಯಬಹುದು ಅಂತ ಜನ ತಿಳಿದುಕೊಳ್ಳುತ್ತಾರೆ. ಕೇಸಿಂಗ್ ಪಕ್ಕದ ಸಂದಿಯಿಂದ ಹೊಲಸು ಇಳಿದಿರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ, ನೀರು ಹೊರಗೆ ಹಾಕಿ, ಕ್ಲೋರಿನ್ ಪೂರ್ತಿ ಹೋದ ಮೇಲೆ ಪರೀಕ್ಷೆ ಮಾಡಿಸಿ ಆಮೇಲೇ ಬಾಯಿಗೆ ಇಡಬೇಕು. ಕ್ಲೋರಿನ್ ಇರುವಾಗಲೇ ಸ್ಯಾಂಪಲ್ ಹಿಡಿದರೆ ಅವತ್ತಿಗೆ ಕ್ರಿಮಿ ಕಾಣಿಸಲ್ಲ, ಹದಿನೈದು ದಿನಕ್ಕೆ ಮತ್ತೆ ವಾಂತಿಭೇದಿ.

ಈಗ ಒಂದು ಒಳ್ಳೇದಾಗಿದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ಪರೀಕ್ಷೆಯ ಕಿಟ್ ಕೊಟ್ಟು ಕಲಿಸಬೇಕು ಅಂತ ಇದೆ. ನಾನು ನೋಡಿದ ಊರುಗಳಲ್ಲಿ ಕಿಟ್ ಪಂಚಾಯಿತಿ ಕಪಾಟಿನಲ್ಲಿ ಬೀಗದೊಳಗೆ ಇರೋದೂ ಇದೆ, ಅಕ್ಕಂದಿರು ತಿಂಗಳು ತಪ್ಪದೆ ಮಾಡೋದೂ ಇದೆ. ಕ್ರಿಮಿ ಪರೀಕ್ಷೆಯ ಪುಟ್ಟ ಶೀಶೆ ನೋಡಿ, ನೀರು ತುಂಬಿ ಬೆಚ್ಚನೆ ಜಾಗದಲ್ಲಿಟ್ಟರೆ ಒಂದೆರಡು ದಿನದಲ್ಲಿ ಕೆಟ್ಟ ನೀರು ಕಪ್ಪಗಾಗುತ್ತೆ. ಅದನ್ನು ಓಣಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟರೆ ನನ್ನ ಹತ್ತು ಭಾಷಣಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ. ಕಿಟ್‌ನಲ್ಲಿ ಸಂಶಯ ಬಂದರೆ ಲ್ಯಾಬ್ ಇದೆ, ಅಲ್ಲಿ ಕಡಿಮೆ ಖರ್ಚಿನಲ್ಲಿ ಸಾಮಾನ್ಯ ಜನರೂ ಪರೀಕ್ಷೆ ಮಾಡಿಸಬಹುದು.

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ನಮ್ಮ ಓಣಿಯ ಬೋರಿನ ರಿಪೋರ್ಟ್ ಒಂದು ಕಚೇರಿಯ ಫೈಲಿನಲ್ಲಿ ಪೂರ್ತಿ ಮಳೆಗಾಲ ಮಲಗಿತ್ತು. ನಾನು ಅದೇ ಊರವಳಾಗಿದ್ದಕ್ಕೆ, ಹೋಗಿ ಕೇಳಿದ್ದಕ್ಕೆ ಸಿಕ್ಕಿತು. ಆ ನೀರು ಕುಡಿಯುವ ನಲವತ್ತು ಮನೆಗಳಿಗೆ ಯಾರೂ ಹೇಳಿರಲಿಲ್ಲ. ಯಾವ ಕಾಗದವೂ ಓಣಿಗೆ ಬರಲಿಲ್ಲ.

ಆಮೇಲೆ ನಾನು, ಅಣ್ಣ, ಓಣಿಯ ಇಬ್ಬರು ಹುಡುಗರು ಸೇರಿ ಬೋರಿನ ಪೈಪಿಗೆ ಕೆಂಪು ಬಣ್ಣ ಬಳಿದು "ಬಟ್ಟೆ, ಪಾತ್ರೆಗೆ ಮಾತ್ರ. ಕುಡಿಯಬೇಡಿ" ಅಂತ ಗೋಡೆ ಮೇಲೆ ಬರೆದೆವು, ಕೆಳಗೆ ಪರೀಕ್ಷೆಯ ತಾರೀಕು. ತಿಪ್ಪೆ ಊರ ಹೊರಗೆ ಹೋಗೋಕೆ ಎಂಟು ತಿಂಗಳು ಹಿಡಿಯಿತು, ಎರಡು ಜಗಳ ಆದವು. ಗಟಾರ ಇನ್ನೂ ಹಾಗೇ ಇದೆ. ಈ ನವೆಂಬರಿನಲ್ಲಿ ಮತ್ತೆ ಸ್ಯಾಂಪಲ್ ತೆಗೆದೆ, ಹತ್ತು ನಿಮಿಷ ನೀರು ಬಿಟ್ಟು, ಬೋರಿನ ಬಾಯಿಂದಲೇ. ನೈಟ್ರೇಟ್ ಇಳಿದಿದೆ, ಆದರೆ ಇನ್ನೂ 45ರ ಮೇಲೇ ಇದೆ. ಎರಡು ಮಳೆಗಾಲಕ್ಕೆ ಗೋಡೆಯ ಅಕ್ಷರ ಮಸುಕಾಗಿವೆ, ಮೊನ್ನೆ ಹೊಸದಾಗಿ ಬಾಡಿಗೆಗೆ ಬಂದ ಮನೆಯವರು ಅಲ್ಲಿ ಕುಡಿಯುವ ಕೊಡ ಇಟ್ಟಿದ್ದು ನೋಡಿದೆ. ಭಾನುವಾರ ಬಣ್ಣದ ಡಬ್ಬಿ ತಗೊಂಡು ಊರಿಗೆ ಹೋಗ್ತಿದ್ದೀನಿ.